ಕಚ್ಚದ ಶೂ ಮತ್ತು ನನ್ನ ಹಿಮ್ಮಡಿ

ಹೊಸ ವಸ್ತು ಮನೆಗೆ ಬಂದ್ರೆ ಜನ ಎರಡು ತರ ಆಡ್ತಾರೆ. ಕೆಲವರು ಅದನ್ನ ಬೀರುವಿನೊಳಗಿಟ್ಟು, ಮೇಲೆ ಹಳೇ ಸೀರೆ ಮುಚ್ಚಿ, ಬೀಗ ಹಾಕಿ, ಆಮೇಲೆ ಬೀಗದಕೈ ಎಲ್ಲಿಟ್ಟೆ ಅಂತ ಮನೆಯೆಲ್ಲಾ ಹುಡುಕ್ತಾರೆ. ನಮ್ಮವ್ವ ಆ ಪೈಕಿ. ಅವಳ ಮದುವೇಲಿ ಮುಯ್ಯಿ ಬಂದ ಸ್ಟೀಲ್ ಡಬ್ಬಗಳು ಇವತ್ತಿಗೂ ರಟ್ಟಿನ ಪೆಟ್ಟಿಗೆಯೊಳಗೆ ಕನ್ಯೆಯರ ಹಾಗೆ ಕೂತಿವೆ, ಒಂದು ಕಾಳು ಬೇಳೆ ಕಂಡಿಲ್ಲ. ಇನ್ನು ಕೆಲವರು ಹೊಸ ವಾಚು ಕಟ್ಟಿದ ದಿನ ದಾರೀಲಿ ಹೋಗೋರನ್ನೆಲ್ಲಾ ತಡೆದು ನಿಲ್ಲಿಸಿ, ಅವರು ಕೇಳದೇ ಇದ್ರೂ ಟೈಮು ಹೇಳಿ ಕಳಿಸ್ತಾರೆ. ನಾನು ಈ ಎರಡನೇ ಗುಂಪಿನ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಲ್ಲಾ. ಹೊಸ ಜಾಮಿಟ್ರಿ ಬಾಕ್ಸ್ ತಂದಾಗ ಅದನ್ನ ತೋರಿಸೋಕೇ ಅಂತ ನೆಂಟರ ಮನೆ ನಾಮಕರಣಕ್ಕೆ ತಕ್ಕೊಂಡು ಹೋದೋಳು ನಾನು. ಇನ್ನೊಂದು ವಿಷಯನೂ ಮೊದಲೇ ಒಪ್ಕೊಂಡುಬಿಡ್ತೀನಿ. ನಾನು ಏನೇ ಹೇಳಿದ್ರೂ ಸ್ವಲ್ಪ ಎಳೀತೀನಿ. ಸುಳ್ಳಲ್ಲ, ಎಳೆಯೋದು. ಚಪಾತಿ ಹಿಟ್ಟು ಅಷ್ಟೇ ಇರುತ್ತೆ, ಲಟ್ಟಿಸಿದ್ರೆ ಅಗಲ ಆಗಲ್ವಾ, ಹಾಗೆ. ಆದ್ರೆ ಈ ಶೂ ವಿಷಯದಲ್ಲಿ ಎಳೆಯೋ ಅವಶ್ಯಕತೆನೇ ಬರಲಿಲ್ಲ. ಅದು ತಾನಾಗೇ ಎಳ್ಕೊಂಡು ಹೋಯ್ತು. ಮೊದಲು ನನ್ನ ಕಾಲನ್ನ, ಆಮೇಲೆ ನನ್ನ ಮಾನವನ್ನ.

ನಮ್ಮೂರು ದೇವನೂರಿಗೂ ನಂಜನಗೂಡಿಗೂ ನಡುವೆ ಇದೆ. ಡ್ರೈವರ್ ಮನಸ್ಸು ಮಾಡಿದ್ರೆ ಬಸ್ಸು ನಿಲ್ಲುತ್ತೆ, ಇಲ್ಲಾಂದ್ರೆ ನಾವೇ ಮುಂದಿನ ಊರಲ್ಲಿ ಇಳಿದು ವಾಪಸ್ ನಡ್ಕೊಂಡು ಬರ್ತೀವಿ. ನಾನು ಓಟಗಾತಿ ಆಗಿದ್ದೇ ಹೀಗೆ ಬಸ್ಸಿನ ಹಿಂದೆ ಓಡಿ ಓಡಿ. ಈ ವರ್ಷ ನಂಜನಗೂಡಿನ ನಮ್ಮ ಕಾಲೇಜಿಂದ ಆರು ಜನ ಹುಡ್ಗೀರು ಟಿ. ನರಸೀಪುರದಲ್ಲಿ ನಡೆಯೋ ಗುಡ್ಡಗಾಡು ಓಟಕ್ಕೆ ಹೋಗೋದು ಅಂತ ಆಯ್ತು. ಪಿ.ಟಿ. ಸರ್ ಒಂದು ಭಾನುವಾರ ಗೊತ್ತು ಮಾಡಿ, "ಅವತ್ತು ಓಡಿ ಮೊದಲು ಬಂದ ಆರು ಜನ ಟೀಮು, ಮಿಕ್ಕಿದವರು ಚಪ್ಪಾಳೆ" ಅಂದ್ರು. ಐದು ಜನ ಯಾರು ಅನ್ನೋದು ಇಡೀ ಕಾಲೇಜಿಗೆ ಗೊತ್ತು. ಆ ಹುಡ್ಗೀರು ಓಡೋದಲ್ಲ, ಮಾಯ ಆಗ್ತಾರೆ. ಆರನೇ ಜಾಗ ಮಾತ್ರ ಇಬ್ಬರ ನಡುವೆ ತೂಗಾಡ್ತಿತ್ತು. ಒಬ್ಬಳು ನಾನು, ಚಂದನ. ಇನ್ನೊಬ್ಬಳು ಚಿಕ್ಕಯ್ಯನಛತ್ರದ ರಕ್ಷಿತ. ಅವಳು ಮಾತು ಕಮ್ಮಿ, ಕೆಲಸ ಜಾಸ್ತಿ. ನಾನು ಹೇಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾನಂತೂ ಊರಿಗೆಲ್ಲಾ, ಬಸ್ಸಿನ ಕಂಡಕ್ಟರಿಗೂ ಸೇರಿಸಿ, ಟಿ. ನರಸೀಪುರಕ್ಕೆ ಹೋಗ್ತಿದ್ದೀನಿ ಅಂತ ಹೇಳಿ ಆಗಿತ್ತು. ಇನ್ನು ಓಡಿ ಗೆಲ್ಲೋದೊಂದು ಬಾಕಿ.

ಬನ್ನೂರಿನಲ್ಲಿರೋ ನಮ್ಮ ಸೋದರಮಾವ, ಹತ್ತನೇ ಕ್ಲಾಸಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ್ರೆ ಕೇಳಿದ್ದು ಕೊಡಿಸ್ತೀನಿ ಅಂತ ಮಾತು ಕೊಟ್ಟಿದ್ದ. ಒಂದು ಜೊತೆ ಓಲೆ ಕೇಳ್ತಾಳೆ ಅಂತ ಪಾಪ ಎದೆ ಗಟ್ಟಿ ಮಾಡ್ಕೊಂಡು ಕೂತಿದ್ದ. ನಾನು ಎರಡು ವರ್ಷ ಅವನನ್ನ ಹಾಗೇ ಬೇಯಿಸಿ, ಈಗ ಫೋನ್ ಮಾಡಿ, "ಮಾವ, ಬೆಟ್ಟ ಗುಡ್ಡದಲ್ಲಿ ಓಡೋ ಶೂ ಬೇಕು, ಹಗುರವಾಗಿರೋದು" ಅಂದೆ. ಮಾವ ಖುಷಿಯಿಂದ ಕಾಲಿನ ಅಳತೆ ಕಳಿಸು ಅಂದ. ಕ್ಯಾಲೆಂಡರಿನ ಹಾಳೆ ಹರಿದು, ಹಿಂದೆ ಕಾಲಿಟ್ಟು, ಪೆನ್ಸಿಲಲ್ಲಿ ಗೆರೆ ಎಳೆದೆ. ಅಲ್ಲಿಗೆ ಬಂದ ಅವ್ವ ಆ ಚಿತ್ರ ನೋಡಿ ಹಣೆ ಚಚ್ಚಿಕೊಂಡಳು. "ಥೂ, ತಾತನ ಪಾದ ಬಂದು ಕೂತದೆ ನಿಂಗೆ. ಇದುಕ್ಕೆ ಕಾಲುಂಗುರ ಆಕ್ಬೇಕಾದ್ರೆ ಬಳೆನೇ ಆಕ್ಬೇಕು" ಅಂದಳು. ನಿಜ ಹೇಳ್ಬೇಕು ಅಂದ್ರೆ ನನಗೂ ನಮ್ಮ ತಾತನಿಗೂ ಒಂದೇ ಸೈಜು, ಎಂಟು. ಒಂದೇ ಮನೇಲಿ ಒಂದೇ ಅಚ್ಚಿನ ನಾಲ್ಕು ಪಾದ. ಇದರಿಂದ ಮುಂದೆ ಏನಾಗುತ್ತೆ ಅಂತ ಗೊತ್ತಿದ್ದಿದ್ರೆ ನಾನು ಅವತ್ತೇ ಬೆರಳು ಮಡಚಿ ಗೆರೆ ಎಳೀತಿದ್ದೆ.

ಶೂ ಬಂತು. ಬಣ್ಣ ಹೇಗಿತ್ತು ಅಂದ್ರೆ, ಕತ್ತರಿಸಿದ ಪಪ್ಪಾಯ ಹಣ್ಣಿಗೆ ಕರೆಂಟ್ ಕೊಟ್ಟ ಹಾಗೆ. ಕೈಗೆ ತಕ್ಕೊಂಡ್ರೆ ಪೆಟ್ಟಿಗೆ ಖಾಲಿ ಬಂದಿದೆಯೇನೋ ಅನ್ನಿಸೋ ಅಷ್ಟು ಹಗುರ. ನನಗೆ ತಡೀಲಿಲ್ಲ. ಒಂದು ಶೂ ಹಿಡ್ಕೊಂಡು ನೇರ ಅಂಗಡಿಗೆ ಓಡಿ ತಕ್ಕಡಿ ಮೇಲಿಟ್ಟೆ. "ಏಯ್, ಜನ ತಿನ್ನೋ ಪದಾರ್ಥ ಇಡೋ ಜಾಗ ಕಣಮ್ಮಿ ಅದು!" ಅಂತ ಅಂಗಡಿಯವನು ಕಿರುಚಿದ. "ಇನ್ನೂ ನೆಲ ಮುಟ್ಟಿಲ್ಲ ಕಣಣ್ಣ, ನಿನ್ನ ಬೆಲ್ಲಕ್ಕಿಂತ ಚೊಕ್ಕಟವಾಗಿದೆ" ಅಂದೆ. ಕೊನೆಗೆ ಅವನಿಗೇ ಕುತೂಹಲ ಹುಟ್ಟಿ, ಶೂ ತೆಗೆದು ಅದೇ ಜಾಗದಲ್ಲಿ ರಸಬಾಳೆ ಇಟ್ಟು ನೋಡಿದ. ಎರಡು ಹಣ್ಣಿಗೆ ಸರಿಹೋಯ್ತು. ಎರಡು ಬಾಳೆಹಣ್ಣಿನ ತೂಕದ ಶೂ! ಹಿಂದಿನ ವರ್ಷ ನಾನು ಹಾಕ್ತಿದ್ದ ಕಪ್ಪು ಶೂ ಇಟ್ಟಿದ್ರೆ ಒಂದು ಗೊನೆ ಇಡಬೇಕಾಗ್ತಿತ್ತು. ಮನೇಲಿ ಅವ್ವನಿಗೆ ಮಾತ್ರ ಸಮಾಧಾನ ಇಲ್ಲ. ಶೂ ಮೇಲಿನ ಜಾಲರಿ ಬಟ್ಟೆಯನ್ನ ಕಿಟಕಿ ಬೆಳಕಿಗೆ ಹಿಡಿದು, "ಇದೇನೇ, ಸೊಳ್ಳೆಪರದೆ ಹೊಲ್ದು ಕೊಟ್ಟವ್ರೆ. ಕಾಸು ಕೊಟ್ಟು ತೂತು ತಕ್ಕೊಂಡಿದ್ದೀಯ" ಅಂದಳು. "ನೀರು ಒಳಗೆ ಹೋದ್ರೆ ಹೊರಗೆ ಬರಲಿ ಅಂತ ಕಣವ್ವ" ಅಂದೆ. "ಒಳಕ್ಕೆ ಯಾಕೆ ಓಗ್ಬೇಕು ಮೊದ್ಲು?" ಅಂದಳು. ಇದಕ್ಕೆ ಉತ್ತರ ಕಂಪನಿಯವರೇ ಕೊಡಬೇಕು.

ಈಗ ನಮ್ಮ ತಾತನ ಬಗ್ಗೆ ಹೇಳ್ಬೇಕು. ಹೇಳದಿದ್ರೆ ಅವನಿಗೆ ಕೋಪ ಬರುತ್ತೆ. ನಮ್ಮ ತಾತ ವ್ಯವಸಾಯಗಾರ, ಅದು ಹೊಟ್ಟೆಗೆ. ಹೆಸರಿಗೆ ಮಾತ್ರ ಅವನು ಸುತ್ತ ನಾಲ್ಕು ಊರಲ್ಲಿ ಚಪ್ಪಲಿ ಪಳಗಿಸೋನು. ನೀವು ನಗಬೇಡಿ, ಇದು ನಿಜವಾದ ಕೆಲಸ. ಹೊಸ ಚಪ್ಪಲಿ ಕಚ್ಚುತ್ತಲ್ಲ, ಅದನ್ನ ತಂದು ತಾತನ ಕೈಗೆ ಕೊಡ್ತಾರೆ. ಅವನು ಮೊದಲನೇ ದಿನ ಹರಳೆಣ್ಣೆ ಸವರಿ ಬಿಸಿಲಿಗಿಡ್ತಾನೆ. ಎರಡನೇ ದಿನ ಅದನ್ನ ತಾನೇ ಮೆಟ್ಕೊಂಡು ಗದ್ದೆಗೆ ಹೋಗಿ ಬರ್ತಾನೆ. ಮೂರನೇ ದಿನ ಅದರ ಜೊತೆ ಏನೋ ಗುಟ್ಟು ಮಾತಾಡ್ಕೊಂಡು ಜಗಲಿ ಮೇಲೆ ಕೂತಿರ್ತಾನೆ. ನಾಲ್ಕನೇ ದಿನ ಚಪ್ಪಲಿ ಹಸುವಿನ ಹಾಗೆ ಸಾಧು. ಅವನ ಹಿಮ್ಮಡಿ ಚರ್ಮ ಎಷ್ಟು ಗಟ್ಟಿ ಅಂದ್ರೆ, ಕಚ್ಚೋಕೆ ಬಂದ ಚಪ್ಪಲಿಗೇ ಹಲ್ಲು ನೋಯಬೇಕು. ಮದುಮಗನ ಮೆಟ್ಟು, ಮೇಷ್ಟ್ರ ಬೂಟು, ಒಂದು ಸಲ ಪೊಲೀಸಿನವರೊಬ್ಬರ ಬೂಟೂ ನಮ್ಮ ಜಗಲಿಗೆ ಬಂದಿತ್ತು. ಆ ಬೂಟು ಹಾಕ್ಕೊಂಡು ತಾತ ಗದ್ದೆಗೆ ಹೋದ ದಿನ, ನಾಲೆ ಹತ್ರ ಇಸ್ಪೀಟಾಡ್ತಿದ್ದೋರು ಬರೀ ಸದ್ದು ಕೇಳಿ ಓಡಿಹೋದ್ರಂತೆ. ಕೂಲಿ ಅಂತ ಅವನು ಏನೂ ಕೇಳಲ್ಲ, ಎಲೆ ಅಡಿಕೆ ಕೊಟ್ರೆ ಸಾಕು, ಜೊತೆಗೆ ಒಂದು ಮಾತು: "ಅಯ್ಯೋ, ನೀವು ಮುಟ್ಟಿದ್ಮೇಲೆ ಬೆಣ್ಣೆ ಆಗೋಯ್ತು." ಈ ಮಾತು ಕೇಳ್ದಾಗ ತಾತನ ಮೀಸೆ ಎರಡು ಕಡೆನೂ ಒಂದೊಂದು ಬೆರಳು ಮೇಲಕ್ಕೆ ಹೋಗುತ್ತೆ. ನನ್ನ ಕಾಯಿಲೆ ಯಾರಿಂದ ಬಂತು ಅಂತ ನಿಮಗೆ ಗೊತ್ತಾಗಿರಬೇಕು.

ಅಂಥ ತಾತನ ಮುಂದೆ ನಾನು ಪಪ್ಪಾಯ ಬಣ್ಣದ ಶೂ ಹಿಡ್ಕೊಂಡು ನಿಂತೆ. ಅವನು ಅದನ್ನ ತಿರುಗಿಸಿ ತಳ ನೋಡಿದ. ತಳದಲ್ಲಿ ಸಾಲುಸಾಲಾಗಿ ರಬ್ಬರಿನ ಹಲ್ಲುಗಳು.

"ಟ್ಯಾಕ್ಟ್ರು ಟೈರು ಕಣಮ್ಮಿ ಇದು. ಉಳೋಕೆ ತಂದ್ಯಾ, ಓಡೋಕ್ ತಂದ್ಯಾ?" ಅಂದ. ಆಮೇಲೆ ಒಳಗೆ ಕೈ ಹಾಕಿ, "ಇಲ್ಲೇ ಬುಟ್ಟೋಗು. ಮೂರ್ ದಿವ್ಸ ಆಗ್ಲಿ" ಅಂದ.

"ಬೇಡ ತಾತ. ಇದು ಕಚ್ಚಲ್ಲ" ಅಂದೆ.

ತಾತ ಎಲೆಗೆ ಸುಣ್ಣ ಹಚ್ಚೋದನ್ನ ನಿಲ್ಲಿಸಿದ. "ಏನಂದೆ?"

"ಇದನ್ನ ಪಳಗಿಸೋದು ಬೇಡ. ಹೊಸ ಟೆಕ್ನಾಲಜಿ. ಪೆಟ್ಟಿಗೆಯಿಂದ ತೆಗೆಯೋದು, ಓಡೋದು ಅಷ್ಟೇ."

"ಕಚ್ಚದೆ ಇರೋ ಮೆಟ್ಟು ಎಲ್ಲಾರ ಉಂಟಾ ಕೂಸೇ? ಮೆಟ್ಟು ಅಂದ್ಮೇಲೆ ಕಚ್ಬೇಕು. ಅದು ಅದ್ರ ಧರ್ಮ. ಬುಡ್ಸೋದು ನನ್ ಧರ್ಮ."

"ಕಚ್ಚಿದ್ರೆ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ. ಕೊಟ್ಟು, ಊರೋರ ಮುಂದೆ 'ತಾತ ನೀನೇ ಗೆದ್ದೆ' ಅಂತೀನಿ. ಸರೀನಾ?"

"ನೋಡವ ಬುಡು" ಅಂದ ತಾತ. ಆ 'ನೋಡವ' ಎಷ್ಟು ತಣ್ಣಗಿತ್ತು ಅಂದ್ರೆ ಮಡಕೆ ನೀರು ಕುಡಿದ ಹಾಗಾಯ್ತು.

ಭಾನುವಾರಕ್ಕೆ ಇನ್ನೂ ಎಂಟು ದಿನ ಇತ್ತು. ಬುದ್ಧಿ ಇರೋರು ಅವತ್ತಿಂದಲೇ ಆ ಶೂ ಹಾಕ್ಕೊಂಡು ದಿನಾ ಸ್ವಲ್ಪ ಸ್ವಲ್ಪ ಓಡ್ತಿದ್ರು. ನಾನು ಓಡೋದೊಂದು ಬಿಟ್ಟು ಎಲ್ಲಾ ಮಾಡಿದೆ. ಕೊಳೆ ಆಗಿಬಿಡುತ್ತಲ್ಲ! ಓಡೋ ಶೂ ಹಾಕ್ಕೊಂಡು ಕಾಲೇಜಿಗೆ ಹೋದೆ, ಹಿಟ್ಟಿನ ಮಿಲ್ಲಿಗೆ ಹೋದೆ, ಡೈರಿಗೆ ಹಾಲು ಹಾಕೋಕೆ ಹೋದೆ. ಬಸ್ಸಲ್ಲಿ ಸೀಟು ಸಿಕ್ಕಿದ್ರೂ ಕಾಲು ಮಾತ್ರ ದಾರೀಲಿ ಚಾಚಿಟ್ಟು, ಯಾರಾದ್ರೂ ಎಡವಿ ಬಗ್ಗಿ ನೋಡ್ಲಿ ಅಂತ ಕಾದೆ. ಲೇಸನ್ನ ಕಟ್ಟದೆ ಸಡಿಲ ಬಿಟ್ಟು ಪಕ್ಕಕ್ಕೆ ಸಿಕ್ಕಿಸಿದ್ದೆ, ಅದು ಸ್ಟೈಲು. ಶೂ ಮೇಲ್ಗಡೆ, ಲೇಸಿನ ಎಲ್ಲಾ ತೂತೂ ಮುಗಿದ ಮೇಲೆ, ಇನ್ನೊಂದು ತೂತು ಒಂಟಿಯಾಗಿತ್ತು. ಕಂಪನಿಯವರು ಎಣಿಕೆ ತಪ್ಪಿ ಒಂದು ಜಾಸ್ತಿ ಕೊರೆದುಬಿಟ್ಟಿದ್ದಾರೆ ಅಂತ ನಾನು ಎಲ್ಲರಿಗೂ ವಿವರಿಸಿ ಹೇಳ್ತಿದ್ದೆ. ಸಾಕ್ಸೂ ಹಾಕ್ತಿರಲಿಲ್ಲ, ಒಳಗಿನ ನೀಲಿ ಬಟ್ಟೆ ಮುಚ್ಚಿಹೋಗುತ್ತೆ ಅಂತ. ರಕ್ಷಿತ ಒಂದು ದಿನ ಗ್ರೌಂಡಲ್ಲಿ ಓಡಿ ಬೆವರು ಒರೆಸ್ಕೊಳ್ತಾ ಬಂದು, "ಶೂ ಚೆನ್ನಾಗದೆ ಚಂದನ. ಯಾವಾಗ ಓಡ್ತೀಯ ಇದ್ರಲ್ಲಿ?" ಅಂತ ಕೇಳಿದಳು. ವ್ಯಂಗ್ಯ ಅಲ್ಲ, ಅವಳಿಗೆ ವ್ಯಂಗ್ಯ ಬರಲ್ಲ. ಅದಕ್ಕೇ ಜಾಸ್ತಿ ಚುಚ್ಚಿತು.

ಬುಧವಾರ ಸಾಯಂಕಾಲ ಓಡಿದೆ. ನಾಲೆ ಏರಿ ಮೇಲೆ, ಹೋಗ್ತಾ ಸ್ವರ್ಗ. ಕಾಲಿಗೆ ಏನೋ ಹಾಕ್ಕೊಂಡಿದ್ದೀನಿ ಅಂತಾನೇ ಅನ್ನಿಸ್ತಿಲ್ಲ. ಬೆರಳುಗಳು ಮುಂದೆ ಆರಾಮಾಗಿ ಕೈಕಾಲು ಚಾಚಿ ಮಲಗಿದ್ವು. ಕಲ್ಲು ತುಳಿದ್ರೆ ಯಾರೋ ಪಕ್ಕದ ಮನೆಯವರು ತುಳಿದ ಹಾಗಿತ್ತು. ತಿರುಗಿ ಬರೋವಾಗ ಎಡಗಾಲಿನ ಹಿಮ್ಮಡಿ ಹತ್ರ ಏನೋ ಚುರುಕ್ ಅಂತು. ಆಮೇಲೆ ಚುರುಚುರು. ಮನೆ ಹತ್ರ ಬರೋ ಹೊತ್ತಿಗೆ ಒಳಗೆ ಯಾರೋ ಒಗ್ಗರಣೆ ಹಾಕ್ತಿದ್ದ ಹಾಗೆ. ಹಿತ್ತಲಿಗೆ ಹೋಗಿ ಶೂ ಬಿಚ್ಚಿ ನೋಡಿದೆ. ಬೊಬ್ಬೆ! ನೆಲ್ಲಿಕಾಯಿ ಗಾತ್ರ. ಸರಿ, ನೆಲ್ಲಿಕಾಯಿ ಅಲ್ಲ, ಹುರಿಗಡಲೆ. ಆದ್ರೆ ನೋವು ಮಾತ್ರ ಕುಂಬಳಕಾಯಿಯದು. ಕಚ್ಚಲ್ಲ ಅಂತ ಜಗಲಿ ಮೇಲೆ ಭಾಷಣ ಮಾಡಿದ ಶೂ ಕಚ್ಚಿತ್ತು.

ಈಗ ಹೇಳಿದ್ರೆ ಏನಾಗುತ್ತೆ? ಮಾತು ಕೊಟ್ಟ ಪ್ರಕಾರ ಶೂ ತಾತನ ಕೈಗೆ ಹೋಗುತ್ತೆ. ಮೂರು ದಿನ ಹರಳೆಣ್ಣೆ, ಬಿಸಿಲು, ಗದ್ದೆ ಕೆಸರು. ಭಾನುವಾರ ನಾನು ಎಣ್ಣೆ ಬಿಟ್ಟ ಬೋಂಡದ ಹಾಗೆ ಕಾಣೋ ಶೂ ಹಾಕ್ಕೊಂಡು ಓಡಬೇಕು. ಹೇಳದಿದ್ರೆ? ಕುಂಟ್ಕೊಂಡು ಓಡಬೇಕು, ರಕ್ಷಿತ ಟಿ. ನರಸೀಪುರಕ್ಕೆ ಹೋಗ್ತಾಳೆ. ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ತೀರ್ಮಾನ ಆಗೋವರೆಗೂ ಸುಮ್ಮನಿರೋಣ ಅಂತ ಮುಚ್ಚಿಟ್ಟೆ. ಮುಚ್ಚಿಡೋದು ಅಷ್ಟು ಸುಲಭನಾ? ಮೆಟ್ಟಿದವರ ನಡಿಗೆ ನೋಡಿನೇ ಯಾವ ಕಾಲಿನ ಯಾವ ಬೆರಳು ಅಂತ ಹೇಳೋ ಮನುಷ್ಯ ಜಗಲಿ ಮೇಲೆ ಕೂತಿದ್ದಾನೆ. ಗುರುವಾರ ಬೆಳಿಗ್ಗೆ ನಾನು ಅವನ ಮುಂದೆ ತುದಿಗಾಲಲ್ಲಿ ನಡೆದೆ. "ಯಾಕೆ ಕೊಕ್ಕರೆ ತರ ಓಗ್ತಿದ್ದೀಯೆ?" ಅಂತ ಅವ್ವ ಕೇಳಿದಳು. "ಪಿ.ಟಿ. ಸರ್ ಹೇಳಿದ್ದಾರೆ, ಮೀನಖಂಡ ಗಟ್ಟಿಯಾಗುತ್ತಂತೆ" ಅಂದೆ. ತಾತ "ಊಂ" ಅಂದ. ಅಷ್ಟೇ. ಆಮೇಲೆ ಶುರುವಾಯ್ತು ನೋಡಿ. "ಅಮ್ಮಿ, ಬೆಂಕಿಪೊಟ್ಣ ತಾ." ತಂದೆ. "ಅಮ್ಮಿ, ಒಸಿ ನೀರು ತಾ." ತಂದೆ. "ಕನ್ನಡಕ ಒಳ್ಗೇ ಮರ್ತ್ಬುಟ್ಟೆ." ತಂದೆ. "ಈ ಕನ್ನಡಕ ಒಳ್ಗಡೆ ಮಡಗ್ಬುಡು, ಬ್ಯಾಡ." ಅವತ್ತು ಒಂದೇ ದಿನ ನಾನು ಜಗಲಿಗೂ ಒಳಮನೆಗೂ ನಡುವೆ ನಂಜನಗೂಡಿಂದ ಮೈಸೂರಿಗಾಗೋ ಅಷ್ಟು ನಡೆದಿದ್ದೀನಿ. ಪ್ರತಿ ಸಲನೂ ಮುಖದಲ್ಲಿ ನಗು, ಹಿಮ್ಮಡೀಲಿ ಒಗ್ಗರಣೆ.

ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದ್ರೆ ಶೂ ಇಲ್ಲ. ಮಂಚದ ಕೆಳಗೆ, ನನ್ನ ಪುಸ್ತಕದ ಹಿಂದೆ, ರಗ್ಗಿನೊಳಗೆ ಸುತ್ತಿಟ್ಟಿದ್ದೆ. ರಗ್ಗಿದೆ, ಶೂ ಇಲ್ಲ. ಜಗಲಿಗೆ ಓಡಿದೆ. ತಾತನೂ ಇಲ್ಲ. ತಾತನ ಹರಳೆಣ್ಣೆ ಬಾಟಲೂ ಇಲ್ಲ! ಬರಿಗಾಲಲ್ಲಿ ಕುಂಟ್ತಾ ನಾಲೆ ಕಡೆ ಹೊರಟೆ. ದಾರೀಲಿ ಹುಲ್ಲು ಹೊತ್ತು ಬರ್ತಿದ್ದ ಹೆಂಗಸರಿಬ್ಬರು ಹೊರೆ ಇಳಿಸಿ ನಗ್ತಾ ನಿಂತಿದ್ರು. "ಓಗಮ್ಮಿ ಓಗು, ನಿಮ್ ತಾತಂಗೆ ವಯಸ್ಸು ತಿರುಗ್ ಬಂದದೆ" ಅಂದ್ರು.

ಏರಿ ಹತ್ತಿ ನೋಡ್ತೀನಿ, ತಾತ ಬರ್ತಿದ್ದಾನೆ. ಪಂಚೆ ಮೊಣಕಾಲಿಂದ ಮೇಲಕ್ಕೆ ಎತ್ತಿ ಕಟ್ಟಿದ್ದಾನೆ, ತಲೆಗೆ ಟವೆಲ್ಲು ಸುತ್ತಿದ್ದಾನೆ, ಕಾಲಲ್ಲಿ ಪಪ್ಪಾಯ. ನಡೀತಿಲ್ಲ, ಓಡ್ತಿಲ್ಲ, ಎರಡರ ಮಧ್ಯೆ ಏನೋ ಒಂದು, ಸಂತೆಗೆ ಹೊರಟ ಹೋರಿಗರು ಹಗ್ಗ ಬಿಡಿಸ್ಕೊಂಡ ಹಾಗೆ ಚಂಗನೆ ಬರ್ತಿದ್ದಾನೆ. ಹಿಂದೆ ಎರಡು ನಾಯಿ, ನಾಲ್ಕು ಜನ ಗಂಡಸರು. ಮೆಟ್ಟಿಲು ಹತ್ತೋಕೆ "ಅಯ್ಯಪ್ಪಾ ಮಂಡಿ" ಅನ್ನೋ ನಮ್ಮ ತಾತ! ನನ್ನ ಮುಂದೆ ಬಂದು ನಿಂತು, ಉಸಿರೂ ಬಿಡದೆ, ಎಲ್ಲರಿಗೂ ಕೇಳೋ ಹಾಗೆ ಹೇಳಿದ:

"ಸೋತೆ ಕಣಮ್ಮಿ. ಇದು ಕಚ್ಚಾಕಿಲ್ಲ."

ನಾನು ಎಡಗಾಲನ್ನ ಬಲಗಾಲಿನ ಹಿಂದೆ ಮರೆಮಾಡಿದೆ.

"ಇಷ್ಟ್ ವರ್ಸದಲ್ಲಿ ಎಷ್ಟ್ ಮೆಟ್ಟು ಪಳಗ್ಸಿವ್ನಿ. ಕಚ್ಚದೆ ಇರೋದು ಇದೇ ಮೊದ್ಲು. ಮೊಮ್ಮಗಳು ಏಳಿದ್ದೇ ದಿಟ ಕಣ್ರಪ್ಪಾ. ಎಣ್ಣೆನೂ ಬೇಕಾಗ್ಲಿಲ್ಲ."

ನಾಲ್ಕು ಜನನೂ ನನ್ನ ಕಡೆ ಮೆಚ್ಚಿಗೆಯಿಂದ ನೋಡಿದ್ರು. ನಾನು ಗೆದ್ದಿದ್ದೆ. ಊರಿನ ಮುಂದೆ, ಏರಿ ಮೇಲೆ, ಬೆಳಗಿನ ಬಿಸಿಲಲ್ಲಿ ಗೆದ್ದಿದ್ದೆ. "ನಾನು ಮೊದಲೇ ಹೇಳಿರಲಿಲ್ವಾ ತಾತ" ಅಂತ ಮೆಲ್ಲಗೆ ಅಂದೆ.

ತಾತ ಬಗ್ಗಿ ನನ್ನ ಎಡಗಾಲು ನೋಡಿದ. "ಅಂಗಾದ್ರೆ ನಿನ್ನ ಇಮ್ಮಡಿ ಕಚ್ಚಿರೋದು ಏನು ಕೂಸೇ? ಆವಾ?"

ಆ ನಾಲ್ಕು ಜನ ನಕ್ಕಿದ್ದು ನಾಲೆ ಆಚೆ ದಡದವರೆಗೂ ಕೇಳಿಸಿರಬೇಕು. ನಾಯಿಗಳೂ ನಕ್ಕವು ಅಂತ ನನಗೆ ಈಗಲೂ ಅನುಮಾನ. ನಾನು ಅಲ್ಲೇ ಕೂತು ಅತ್ತೆ. ಸ್ವಲ್ಪ ಅತ್ತೆ, ಜಾಸ್ತಿ ಅತ್ತ ಹಾಗೆ ಮಾಡಿದೆ. ಅವರೆಲ್ಲಾ ಹೋದ ಮೇಲೆ ತಾತ ಪಕ್ಕದಲ್ಲಿ ಕೂತು ಶೂ ಬಿಚ್ಚಿದ. ಬಾಟಲಿಂದ ಹರಳೆಣ್ಣೆ ತೆಗೆದು ಶೂಗಲ್ಲ, ನನ್ನ ಹಿಮ್ಮಡಿಗೆ ಹಚ್ಚಿದ. ಆಗ ಹೇಳಿದ ಮಾತು ಇದು:

"ಎತ್ತಿನ ಎಗಲು ಯಾಕೆ ಉಣ್ಣಾಯ್ತದೆ ಗೊತ್ತಾ? ನೊಗ ಬಾರ ಅಂತಲ್ಲ. ಅಗ್ಗ ಸಡ್ಲ ಬುಟ್ರೆ ನೊಗ ಮೇಲ್ಕೂ ಕೆಳ್ಕೂ ಆಡ್ತದೆ. ಆಡಿ ಆಡಿ ತೊಗ್ಲು ತಿಂತದೆ. ನೀನು ದಾರ ಕಟ್ದೆ ಸಿಂಗಾರಕ್ಕೆ ಬುಟ್ಟಿದ್ದೀಯ. ಇಮ್ಮಡಿ ಒಳ್ಗಡೆ ಗೆಜ್ಜೆ ಕುಣ್ದಂಗೆ ಕುಣೀತಾ ಕುಂತದೆ. ಮೆಟ್ಟುದ್ದೇನು ತಪ್ಪು?"

ಹೇಳಿ, ಶೂ ನನ್ನ ಕಾಲಿಗೆ ಹಾಕಿ, ಹಿಮ್ಮಡಿಯನ್ನ ಹಿಂದಕ್ಕೆ ಒತ್ತಿ ಕೂರಿಸಿದ. ಹೆಬ್ಬೆಟ್ಟಿಟ್ಟು ಮುಂದಿನ ಜಾಗ ಅಳೆದು, "ಇಲ್ಲಿ ಒಂದು ಎಬ್ಬೆಟ್ಟು ಬುಟ್ಟವ್ರೆ, ಇಳಿಜಾರಲ್ಲಿ ಬೆಳ್ಳು ಗುದ್ದಬಾರ್ದು ಅಂತ. ಮಾಡ್ದೋನು ಬುದ್ವಂತ. ಆಕ್ಕೊಂಡೋಳ್ದೇ ಕತೆ" ಅಂದ. ಆಮೇಲೆ ಲೇಸನ್ನ ಕೆಳಗಿಂದ ಬಿಗಿ ಮಾಡ್ಕೊಂಡು ಬಂದು, ಕಂಪನಿಯವರು ಎಣಿಕೆ ತಪ್ಪಿದ್ದಾರೆ ಅಂತ ನಾನು ಊರಿಗೆಲ್ಲಾ ಸಾರಿದ್ದ ಆ ಒಂಟಿ ತೂತಿನೊಳಗೆ ತೂರಿಸಿ, ಅದೇ ಪಕ್ಕದಲ್ಲಿ ಒಂದು ಕುಣಿಕೆ ಮಾಡಿ, ಎದುರಿನ ಲೇಸನ್ನ ಆ ಕುಣಿಕೆಯೊಳಗೆ ಎಳೆದು ಒಂದು ಗಂಟು ಹಾಕಿದ. ನೊಗಕ್ಕೆ ಕಟ್ಟೋ ಗಂಟು. ಎದ್ದು ನಡೆದೆ. ಹಿಮ್ಮಡಿ ಅಲ್ಲಾಡಲಿಲ್ಲ. ಗೋಡೆಗೆ ಹೊಡೆದ ಮೊಳೆ ಹಾಗೆ ನಿಂತಿತ್ತು. ತಾತನ ಹಳೇ ಪಂಚೆಯ ಒಂದು ಚಿಂದಿ ಸುತ್ತಿ, ಮೇಲೆ ಸಾಕ್ಸು ಹಾಕಿ ಎರಡು ದಿನ ಹಾಗೇ ಓಡಾಡಿದೆ. ಶೂ ಕೊಳೆ ಆಯ್ತು. ಆಗ್ಲಿ.

ಭಾನುವಾರ ಓಟ. ಗುಡ್ಡಗಾಡು ಓಟ ಅನ್ನೋದು ಹೆಸರಷ್ಟೇ, ನಮ್ಮ ಕಡೆ ಗುಡ್ಡನೂ ಇಲ್ಲ, ಕಾಡೂ ಇಲ್ಲ. ಇರೋದೊಂದು ಬೋರೆ. ಬೋರೆ ಅಂದ್ರೆ ಬೆಟ್ಟ ಆಗೋಕೆ ಮನಸ್ಸು ಮಾಡಿ ಅರ್ಧಕ್ಕೇ ಕೈಬಿಟ್ಟ ಕಲ್ಲಿನ ದಿಬ್ಬ. ಕಾಲೇಜಿಂದ ಹೊರಟು ನಾಲೆ ಏರಿ, ಅಲ್ಲಿಂದ ಭತ್ತದ ಗದ್ದೆ ಬದು, ಆಮೇಲೆ ಬೋರೆ ಸುತ್ತಿ, ಟಾರು ರಸ್ತೇಲಿ ವಾಪಸ್. ಸೀಟಿ ಊದಿದ ತಕ್ಷಣ ಆ ಐದು ಜನ ಎಂದಿನ ಹಾಗೆ ಮಾಯ ಆದ್ರು. ಅವರ ಹಿಂದೆ ರಕ್ಷಿತ, ರಕ್ಷಿತಳ ಹಿಂದೆ ನಾನು, ನನ್ನ ಹಿಂದೆ ಯಾರಿದ್ರು ಅಂತ ತಿರುಗಿ ನೋಡೋ ಧೈರ್ಯ ಇರಲಿಲ್ಲ. ಏರಿ ಮೇಲೆ ಅವಳು ನನಗಿಂತ ಇಪ್ಪತ್ತು ಮಾರು ಮುಂದಿದ್ದಳು. ಗದ್ದೆಗೆ ಇಳಿದ್ರೆ, ಯಾರೋ ಪುಣ್ಯಾತ್ಮರು ಬೆಳಿಗ್ಗೆನೇ ನೀರು ತಿರುಗಿಸಿದ್ದಾರೆ, ಬದು ಮೇಲೆಲ್ಲಾ ಕೆಸರು. ರಕ್ಷಿತಳದು ನುಣ್ಣನೆ ತಳದ ಕ್ಯಾನ್ವಾಸ್ ಶೂ. ಒಂದು ಹೆಜ್ಜೆ ಮುಂದಿಟ್ರೆ ಎರಡು ಹೆಜ್ಜೆ ಪಕ್ಕಕ್ಕೆ ಜಾರ್ತಿದ್ದಳು. ನನ್ನ ಟ್ರಾಕ್ಟರ್ ಹಲ್ಲು ಕೆಸರಿಗೆ ಕಚ್ಚಿ ಕಚ್ಚಿ ಹಿಡೀತು. ಹೋ, ಇದು ಕಚ್ಚಬೇಕಾಗಿದ್ದು ಏನನ್ನ ಅಂತ ಈಗ ಗೊತ್ತಾಯ್ತು! ಒಳಗೆ ಹೋದ ನೀರು ಸೊಳ್ಳೆಪರದೆಯಿಂದ ಪಚಕ್ ಪಚಕ್ ಅಂತ ಹೊರಗೆ ಬಂತು. ನಾನು ಅವಳನ್ನ ದಾಟಿದೆ. ದಾಟುವಾಗ ಒಂದು ಮಾತು ಹೇಳೋಣ ಅಂತ ತಿರುಗಿದ್ರೆ, ಅವಳ ಒಂದು ಶೂ ಕೆಸರಲ್ಲಿ ಹೂತು ಉಳಿದುಬಿಟ್ಟಿದೆ, ಅವಳು ಮಾತ್ರ ಮುಂದೆ ಬಂದಿದ್ದಾಳೆ. ಅವಳು ಇನ್ನೊಂದನ್ನೂ ಕಿತ್ತು ಕೈಲಿ ಹಿಡ್ಕೊಂಡು ಬರಿಗಾಲಲ್ಲಿ ಶುರುಮಾಡಿದಳು.

ಗದ್ದೆ ಮುಗಿಯೋ ಹೊತ್ತಿಗೆ ನನ್ನ ಶೂ ಒಂದೊಂದು ಸೇರು ಕಪ್ಪು ಮಣ್ಣು ಕಟ್ಕೊಂಡಿತ್ತು. ನಮ್ಮ ಎರೆಮಣ್ಣಿನ ವಿಷಯ ಕಂಪನಿಯವರಿಗೆ ಯಾರೂ ಹೇಳಿಲ್ಲ. ಎರಡು ರಸಬಾಳೆ ಇದ್ದಿದ್ದು ಈಗ ಎರಡು ಗೊನೆ. ನಾನು ಕೈದಿ ಹಾಗೆ ಕಾಲೆಳೀತಿದ್ರೆ, ಬರಿಗಾಲಿನ ರಕ್ಷಿತ ಚಿಗರೆ ಹಾಗೆ ಪಕ್ಕದಲ್ಲೇ ಹೋಗಿಬಿಟ್ಟಳು. ಆರನೇ ಜಾಗ ಕಣ್ಮುಂದೆನೇ ನಡ್ಕೊಂಡು ಹೋಗ್ತಿದೆ! ಬೋರೆ ಶುರುವಾದಾಗ ಕಲ್ಲಿಗೆ ಕಾಲನ್ನ ಪಟಪಟ ಬಡಿದೆ. ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಬರಿಗಾಲಿಗೆ ಬೋರೆ ಕಲ್ಲು ಅಂದ್ರೆ ಏನು ಅಂತ ಕೇಳ್ಬೇಡಿ, ರಕ್ಷಿತ ಬೆಂಕಿ ಮೇಲೆ ನಡೆಯೋರ ಹಾಗೆ ಎಗರ್ತಿದ್ದಳು. ಅಲ್ಲಿ ಮತ್ತೆ ನಾನು ಮುಂದೆ. ಇಳಿಜಾರಲ್ಲಿ ಹಿಮ್ಮಡಿ ಕದಲಲಿಲ್ಲ, ಬೆರಳು ಗುದ್ದಲಿಲ್ಲ. ಟಾರು ರಸ್ತೇಲಿ ಅವಳು ಮತ್ತೆ ಬಂದು ನನ್ನ ಭುಜಕ್ಕೆ ಭುಜ ಸೇರಿಸಿದಳು. ಕೊನೇಲಿ ಇಬ್ಬರಿಗೂ ಉಸಿರು ಇರಲಿಲ್ಲ, ಬರೀ ಹಠ ಇತ್ತು. ಗೆರೆ ದಾಟಿದಾಗ ನಾನು ಒಂದು ಮಾರು ಮುಂದಿದ್ದೆ ಅಂತ ಊರಲ್ಲಿ ಹೇಳಿದ್ದೀನಿ. ನಿಮ್ಮ ಹತ್ರ ಯಾಕೆ, ಒಂದು ಗೇಣು.

ಆರನೇದು ನಾನು! ಸರ್ ಬರ್ಕೊಂಡ್ರು. ರಕ್ಷಿತ ನೆಲಕ್ಕೆ ಬಿದ್ದು, ಕಾಲಿನ ಮುಳ್ಳು ಕೀಳ್ತಾ, "ಆ ಗಂಟು ಯಾವ್ದೇ? ನಂಗೂ ಹೇಳ್ಕೊಡು" ಅಂದಳು. ಸರ್ ಅವಳನ್ನೂ ಏಳನೆಯವಳಾಗಿ, ಯಾರಿಗಾದ್ರೂ ಹುಷಾರಿಲ್ಲದಿದ್ರೆ ಇರಲಿ ಅಂತ ಸೇರಿಸ್ಕೊಂಡ್ರು. ನಾನು ಅವಳ ಪಕ್ಕ ಕೂತು ಒಂದು ಗಂಟೆ ಗಂಟಿನ ಬಗ್ಗೆ ಉಪನ್ಯಾಸ ಕೊಟ್ಟೆ. ಅದರಲ್ಲಿ ತಾತನ ಹೆಸರು ಯಾಕೋ ಬರಲೇ ಇಲ್ಲ.

ಇದಕ್ಕೆ ಶಿಕ್ಷೆ ಊರಲ್ಲೇ ಕಾದಿತ್ತು. ಬಸ್ಸಲ್ಲಿ ಬರ್ತಾ ಇಡೀ ಓಟದ ಕತೆಯನ್ನ ಮೂರು ಸಲ ಮನಸ್ಸಲ್ಲೇ ಅಭ್ಯಾಸ ಮಾಡಿದ್ದೆ. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಉಸಿರೆಳೀಬೇಕು ಎಲ್ಲಾ ಗೊತ್ತುಮಾಡಿದ್ದೆ. ಮನೆ ಹತ್ರ ಬಂದ್ರೆ ಜಗಲಿ ತುಂಬಾ ಜನ, ನಡುವೆ ತಾತ. ಯಾರದೋ ಬೈಕಿನ ಹಿಂದೆ ಕೂತು ಓಟ ನೋಡೋಕೆ ಬಂದಿದ್ದವನು, ಮುಗಿದ ತಕ್ಷಣ ಅದೇ ಬೈಕಲ್ಲಿ ನನಗಿಂತ ಮೊದಲು ಊರು ಸೇರಿದ್ದ.

"ನಾನ್ ಪಳಗ್ಸಿದ್ ಶೂ ಆರ್ನೇದು ಬಂತು ಕಣ್ರಪ್ಪಾ!" ಅಂತ ಹೇಳ್ತಿದ್ದ. "ಕೆಸ್ರಲ್ಲಿ ಓಗದ ನೋಡ್ಬೇಕಿತ್ತು ನೀವು, ಆಆ!"

"ಎಷ್ಟ್ ದಿವ್ಸ ಪಳಗ್ಸ್ದೆ ಮಾವ?" ಅಂತ ಒಬ್ಬರು ಕೇಳಿದ್ರು.

"ಒಂದೇ ಬೆಳಿಗ್ಗೆ. ಒಳ್ಳೆ ತಳಿ ಕರ, ಬಿರ್ನೆ ಮಾತು ಕೇಳ್ತು."

ಎಣ್ಣೆನೂ ಬೇಕಾಗಲಿಲ್ಲ, ಕಚ್ಚೋದೇ ಇಲ್ಲ ಅಂತ ಏರಿ ಮೇಲೆ ಸೋಲೊಪ್ಪಿದ ಮನುಷ್ಯ! ನಾನು ಜನರ ಮಧ್ಯೆ ತಲೆ ತೂರಿಸಿ, "ತಾತ, ಓಡಿದ್ದು ನಾನು" ಅಂದೆ.

"ಊಂ ಕಣ್ರಪ್ಪಾ, ಮೊಮ್ಮಗಳೂ ಜೊತೇಲೇ ಓಗಿದ್ಲು" ಅಂದ ತಾತ, ದೊಡ್ಡ ಮನಸ್ಸು ಮಾಡಿ. ಮೀಸೆ ಎರಡೂ ಕಡೆ ಎರಡೆರಡು ಬೆರಳು ಮೇಲಕ್ಕೆ ಹೋಗಿತ್ತು. ನೋಡಿ ನನಗೆ ಕೋಪ ಬರಬೇಕಿತ್ತು. ಬಂದಿದ್ದು ನಗು. ನಾನು ಅಭ್ಯಾಸ ಮಾಡಿದ್ದ ಕತೆಗಿಂತ ಅವನದೇ ಚೆನ್ನಾಗಿತ್ತು, ಹಾಳಾದ್ದು.

ಟಿ. ನರಸೀಪುರಕ್ಕೆ ಹೊರಡೋ ದಿನ ಬೆಳಿಗ್ಗೆ, ಶೂಗಳ ಲೇಸು ಕಟ್ಟಿ ಕೊರಳಿಗೆ ನೇತುಹಾಕ್ಕೊಂಡು ಬಸ್ಸಿಗೆ ಕಾಯ್ತಾ ನಿಂತಿದ್ದೆ. ಪಕ್ಕದೂರಿನ ಒಬ್ಬ ಅಜ್ಜಿ, ಕಂಕುಳಲ್ಲಿ ಸೊಪ್ಪಿನ ಚೀಲ, ಬಂದು ಶೂನೇ ದಿಟ್ಟಿಸಿ ನೋಡಿದಳು. ಆಮೇಲೆ ಒಂದು ಬೆರಳಲ್ಲಿ ಮುಟ್ಟಿದಳು.

"ಆ ಅಯ್ಯ ಪಳಗ್ಸಿದ ಶೂ ಇದೇಯಾ ಕೂಸೇ? ಓಟ್ದಲ್ಲಿ ಗೆದ್ದದ್ದು?"

"ಇದೇ ಕಣಜ್ಜಿ" ಅಂದೆ.

"ಎಲಾ ಇದ್ರ! ಅವತ್ತು ಇದ್ರೊಳ್ಗಡೆ ಯಾರಿದ್ರವ್ವ?"

ಬಸ್ಸು ತಿರುವಲ್ಲಿ ಕಾಣಿಸ್ತು. ಹೆಸರು, ಊರು, ಕಾಲೇಜು, ಒಂದು ಮಾರು, ಎಲ್ಲಾ ನಾಲಿಗೆ ತುದೀಲಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ಕಣಜ್ಜಿ, ಯಾರೋ ಒಬ್ಬ ಹುಡ್ಗಿ ಇದ್ಲಂತೆ" ಅಂದೆ. "ನೋಡೋಕೆ ಮಾತ್ರ ತುಂಬಾ ಚೆನ್ನಾಗಿದ್ಲಂತೆ."